ಹನ್ನೊಂದು ಜನರ ರೋಯಿಂಗ್ ತಂಡ, ಐದೇ ವಾರ ಬಾಕಿ: ಅನುಭವ ಇದ್ದವರು ಹೇಳಿ

ಪ್ರಶ್ನೆ

ನಾನು ಮೈಸೂರಿನವಳು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಚಿಕ್ಕ ಕಾಲೇಜಿನಲ್ಲಿ ಓದುತ್ತಿದ್ದೇನೆ. ಇಲ್ಲಿಗೆ ಬಂದ ಮೇಲೆ ರೋಯಿಂಗ್ ಹಿಡಿದೆ. ಈ ವರ್ಷ ಹುಡುಗಿಯರ ತಂಡಕ್ಕೆ ನಾನೇ ಕ್ಯಾಪ್ಟನ್. ತಂಡ ಅಂದರೆ ಹನ್ನೊಂದು ಜನ ಅಷ್ಟೇ. ಹಳಬರು ಐದು, ಕಳೆದ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹುಟ್ಟು ಹಿಡಿದವರು ಐದು, ಹುಟ್ಟು ಹಾಕದೆ ದೋಣಿಯ ದಿಕ್ಕು ನೋಡಿಕೊಂಡು ಕೂಗಿ ಹೇಳುವ ಕಾಕ್ಸ್ ಒಬ್ಬಳು. ಕೋಚ್ ವಾರಕ್ಕೆ ಮೂರು ದಿನ ಮಾತ್ರ ಬರುತ್ತಾರೆ. ನದಿಯ ಮೇಲಿನ ಹಿಮ ಈಗಷ್ಟೇ ಕರಗಿದೆ. ಮೇ ಆರಂಭದಲ್ಲಿ ವುಸ್ಟರ್‌ನ ಕ್ವಿನ್ಸಿಗಮಂಡ್ ಸರೋವರದಲ್ಲಿ ನ್ಯೂ ಇಂಗ್ಲೆಂಡ್ ಚಾಂಪಿಯನ್‌ಶಿಪ್ ಇದೆ. ಎಂಟು ಜನರ ದೋಣಿ ಇಳಿಸೋಣ ಅಂತ ಕೆಲವರು, ನಾಲ್ಕರ ದೋಣಿ ಎರಡು ಇಳಿಸೋಣ ಅಂತ ಉಳಿದವರು. ಕೋಚ್ ನಿರ್ಧಾರ ನಮಗೇ ಬಿಟ್ಟಿದ್ದಾರೆ. ಹೇಗೆ ತಯಾರಾಗಬೇಕು? ಯಾವ ದೋಣಿ ಹಿಡಿಯಬೇಕು?

ಅದೇ ಸರೋವರದಲ್ಲಿ ಕಾಕ್ಸ್ ಆಗಿದ್ದವಳು

ನಾಲ್ಕರ ದೋಣಿ ಎರಡು. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ನಾನೂ ಆ ಕಡೆಯ ಒಂದು ಪುಟ್ಟ ಕಾಲೇಜಿನಲ್ಲಿ ಓದಿದವಳು. ಶಿವಮೊಗ್ಗದಿಂದ ಹೋದಾಗ ನನಗೆ ಈಜು ಕೂಡ ಸರಿಯಾಗಿ ಬರುತ್ತಿರಲಿಲ್ಲ. ಮೊದಲು ಅದನ್ನು ಕಲಿತೆ, ಆಮೇಲೆ ದೋಣಿ. ಮೂರನೇ ವರ್ಷ ನಾವು ಒಂಬತ್ತೇ ಜನ ಇದ್ದೆವು. ಎಂಟರ ದೋಣಿಯ ಮೇಲೆ ಎಲ್ಲರಿಗೂ ಆಸೆ. ಚಂದ ಅಲ್ವಾ ಅದು, ಹದಿನೇಳು ಮೀಟರ್‌ಗಿಂತ ಉದ್ದ, ನೀರಿನ ಮೇಲೆ ಬಾಣದ ಹಾಗೆ ಹೋಗುತ್ತದೆ. ಹಟ ಹಿಡಿದು ಅದನ್ನೇ ಇಳಿಸಿದೆವು. ಸ್ಪರ್ಧೆಗೆ ಎರಡು ದಿನ ಇರುವಾಗ ಒಬ್ಬಳಿಗೆ ಜ್ವರ ಬಂತು. ಬದಲಿಗೆ ಯಾರೂ ಇಲ್ಲ. ಇಡೀ ಚಳಿಗಾಲ ಒಳಗೆ ಕೂತು ಎರ್ಗ್, ಅಂದರೆ ನೆಲದ ಮೇಲೆ ರೋಯಿಂಗ್ ಅಭ್ಯಾಸ ಮಾಡುವ ಮಷೀನ್, ಎಳೆದ ಏಳು ಹುಡುಗಿಯರು ದಡದಲ್ಲಿ ನಿಂತು ಬೇರೆಯವರ ರೇಸ್ ನೋಡಿದರು. ಜ್ವರದ ಹುಡುಗಿ ಫೋನ್ ಮಾಡಿ ಅತ್ತಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಅವಳದೇನು ತಪ್ಪು? ತಪ್ಪು ನಾವು ದೋಣಿ ಆರಿಸಿದ ರೀತಿಯದು.

ನಿಮ್ಮ ಲೆಕ್ಕ ನೋಡಿ. ಹಳಬರಿಂದ ನಾಲ್ವರು ಒಂದು ದೋಣಿ. ಹೊಸಬರಿಂದ ನಾಲ್ವರು ಇನ್ನೊಂದು. ಮೊದಲ ವರ್ಷದವರಿಗೆ ನಾವಿಸ್ ವಿಭಾಗ ಬೇರೆಯೇ ಇರುತ್ತದೆ, ಅಲ್ಲಿ ಅವರು ಅವರಂಥವರ ಜೊತೆಗೇ ಸೆಣಸುತ್ತಾರೆ. ಎರಡು ರೇಸ್‌ಗಳ ನಡುವೆ ಸಾಕಷ್ಟು ಸಮಯ ಇದ್ದರೆ ಒಬ್ಬಳೇ ಕಾಕ್ಸ್ ಎರಡರಲ್ಲೂ ಕೂರಬಹುದು. ವೇಳಾಪಟ್ಟಿ ಬಂದ ದಿನವೇ ಇದನ್ನು ನೋಡಿಕೊಳ್ಳಿ. ಎರಡೂ ಕಡೆ ಒಬ್ಬೊಬ್ಬರು ಮೀಸಲು ಇರುತ್ತಾರೆ. ಯಾರಿಗಾದರೂ ಹುಷಾರು ತಪ್ಪಿದರೆ ದೋಣಿ ನಿಲ್ಲುವುದಿಲ್ಲ.

ಸೀಟ್ ಯಾರಿಗೆ ಅನ್ನುವುದನ್ನು ಮೊದಲ ವಾರವೇ ಮುಗಿಸಿ. ಎರ್ಗ್‌ನ 2 ಕಿಲೋಮೀಟರ್ ಸಮಯ ಒಂದನ್ನೇ ನಂಬಬೇಡಿ. ಎರಡು ದೋಣಿ ಪಕ್ಕಪಕ್ಕ ಓಡಿಸಿ, ಅಂತರ ಬರೆದುಕೊಳ್ಳಿ. ದೋಣಿ ನಿಲ್ಲಿಸಿ, ಇಬ್ಬರನ್ನು ಮಾತ್ರ ಅದಲುಬದಲು ಮಾಡಿ, ಅದೇ ದೂರ ಮತ್ತೆ ಓಡಿಸಿ. ಅಂತರ ಎಷ್ಟು ಬದಲಾಯಿತೋ ಅದೇ ಉತ್ತರ. ಸೀಟ್ ರೇಸ್ ಅನ್ನುವುದು ಇದನ್ನೇ. ಎರಡು ದಿನ ಇದನ್ನು ಮಾಡಿ, ಕೋಚ್ ಇರುವ ದಿನಗಳಲ್ಲೇ. ಆಮೇಲೆ ಕೈ ಹಚ್ಚಬೇಡಿ. ಚಿಕ್ಕ ತಂಡಗಳು ಕೆಡುವುದು ಇಲ್ಲೇ. ಒಂದು ದಿನ ದೋಣಿ ಸ್ವಲ್ಪ ಓಲಾಡಿತು ಅಂದ ಕೂಡಲೇ ಸೀಟ್ ಬದಲಿಸುತ್ತಾರೆ. ಮತ್ತೆ ಮೊದಲಿನಿಂದ ಹೊಂದಿಕೊಳ್ಳಬೇಕು. ಒಂದೇ ನಾಲ್ವರು, ಒಂದೇ ಸೀಟ್, ನಾಲ್ಕು ವಾರ. ಇದಕ್ಕಿಂತ ದೊಡ್ಡ ಬಲ ನಿಮ್ಮಂಥ ತಂಡಕ್ಕೆ ಬೇರೆ ಇಲ್ಲ.

ಹೊಂದಿಕೆ ಬಂತೋ ಇಲ್ಲವೋ ಅಂತ ಕಿವಿಯೇ ಹೇಳುತ್ತದೆ. ಸ್ಟ್ರೋಕ್ ಮುಗಿದು ಹುಟ್ಟು ತಿರುಗುವಾಗ ಅದನ್ನು ದೋಣಿಗೆ ಹಿಡಿದಿಡುವ ಓರ್‌ಲಾಕ್‌ನಲ್ಲಿ 'ಟಕ್' ಅಂತ ಸದ್ದು ಬರುತ್ತದೆ. ಶುರುವಿನಲ್ಲಿ ಅದು ಟಕ್, ಟಟಕ್, ಟಕ್. ಕಾಳು ಚೆಲ್ಲಿದ ಹಾಗೆ. ಬೆಳಗ್ಗೆ ಗಾಳಿ ಇಲ್ಲದಾಗ ಹತ್ತು ನಿಮಿಷ ಯಾರೂ ಮಾತಾಡದೆ, ನಿಮಿಷಕ್ಕೆ ಹದಿನೆಂಟು ಸ್ಟ್ರೋಕ್‌ನಲ್ಲಿ ಹೋಗಿ. ಕಾಕ್ಸ್ ಕೂಡ ಬಾಯಿ ಬಿಡಬಾರದು. ಎಲ್ಲರೂ ಸುಮ್ನೆ ಆ ಸದ್ದನ್ನೇ ಕೇಳಲಿ. ನಮಗೆ ಎರಡನೇ ವಾರದ ಕೊನೆಗೆ ಒಂದು ದಿನ ನಾಲ್ಕು ಟಕ್ ಸೇರಿ ಒಂದೇ ಟಕ್ ಆಯಿತು. ದೋಣಿಯ ಅಡಿಯಲ್ಲಿ ನೀರಿನ ಗುಳ್ಳೆಗಳು ಓಡುವ ಸದ್ದು ಆವತ್ತೇ ಮೊದಲ ಸಲ ಕೇಳಿಸಿತು.

ವಾರದಲ್ಲಿ ನಾಲ್ಕು ದಿನ ಹೀಗೆ ನಿಧಾನದ ಉದ್ದ ಓಟ, ಎರಡು ದಿನ ಜೋರು. ಜೋರು ಅಂದರೆ 500 ಮೀಟರ್ ನಾಲ್ಕು ಸಲ, ಅಥವಾ 1000 ಮೀಟರ್ ಮೂರು ಸಲ, ನಡುವೆ ಪೂರ್ತಿ ವಿಶ್ರಾಂತಿ. ಒಂದು ದಿನ ರಜೆ. ಕೊನೆಯ ವಾರ ದೂರ ಅರ್ಧಕ್ಕೆ ಇಳಿಸಿ, ವೇಗ ಮಾತ್ರ ಇಳಿಸಬೇಡಿ.

ರೇಸ್ 2000 ಮೀಟರ್. ಹೊಸಬರು ಮೊದಲ 500ರಲ್ಲೇ ಉಸಿರೆಲ್ಲ ಖರ್ಚು ಮಾಡುತ್ತಾರೆ. ಪಕ್ಕದ ಲೇನ್ ಮುಂದೆ ಹೋಯಿತು ಅಂತ ಗಾಬರಿಯಾಗಿ ಹುಟ್ಟು ಆಳಕ್ಕೆ ಇಳಿಸುತ್ತಾರೆ. ಅದು ನೀರಲ್ಲಿ ಸಿಕ್ಕಿಕೊಂಡು ಹಿಡಿ ಬಂದು ಹೊಟ್ಟೆಗೆ ಹೊಡೆಯುತ್ತದೆ. ಕ್ರ್ಯಾಬ್ ಅನ್ನುವುದು ಇದನ್ನೇ. ಅದಕ್ಕೆ ಸ್ಟಾರ್ಟ್‌ನ ಮೊದಲ ಐದು ಸ್ಟ್ರೋಕ್‌ಗಳನ್ನು ದಿನವೂ ಹತ್ತು ಸಲ ಮಾಡಿಸಿ: ಅರ್ಧ, ಅರ್ಧ, ಮುಕ್ಕಾಲು, ಪೂರ್ತಿ, ಪೂರ್ತಿ. ನಿದ್ದೆಯಲ್ಲೂ ಬರಬೇಕು. ಕಾಕ್ಸ್‌ಗೆ ಹೇಳಿ, 1000 ಮೀಟರ್ ದಾಟುವಾಗ ಸುಳ್ಳು ಹೇಳಬಾರದು. ಎರಡು ಸೀಟ್‌ನಷ್ಟು ದೂರ ಹಿಂದೆ ಇದ್ದರೆ ಎರಡು ಸೀಟ್ ಹಿಂದೆ ಅಂತಲೇ ಹೇಳಲಿ. ನಾಲ್ವರೂ ಹಿಂದೆ ಮುಖ ಮಾಡಿ ಕೂತಿರುತ್ತಾರೆ, ಮುಂದೆ ನೋಡುವವಳು ಅವಳೊಬ್ಬಳೇ. ಅವಳ ಮಾತಿನ ಮೇಲೆ ಒಮ್ಮೆ ನಂಬಿಕೆ ಹೋದರೆ ಮತ್ತೆ ಬರುವುದಿಲ್ಲ.

ಪುಣೆಯಲ್ಲಿ ಇಂಜಿನಿಯರಿಂಗ್ ಓದಿದವನು

ನಾನು ಮುಳಾ ನದಿಯಲ್ಲಿ ಕಲಿತವನು. ನಮಗೆ ಹಿಮ ಇರಲಿಲ್ಲ, ಅಂತರಗಂಗೆ ಇತ್ತು. ಅದನ್ನು ಸರಿಸಿ ದಾರಿ ಮಾಡಿಕೊಂಡೇ ದೋಣಿ ಇಳಿಸುತ್ತಿದ್ದೆವು.

ಹೊಸಬರ ಬಗ್ಗೆ ಒಂದು ಮಾತು. ಏಳು ತಿಂಗಳು ಕಡಿಮೆ ಅಂತ ಅವರಿಗೆ ಅನ್ನಿಸಬಾರದು. ದತ್ತು ಭೋಕನಲ್ ಅವರ ಕಥೆ ಅವರಿಗೆ ಹೇಳಿ. ನಾಸಿಕ್ ಜಿಲ್ಲೆಯ ಬರದ ಊರಿನವರು, ಬಾವಿ ತೋಡುವ ಕೆಲಸ ಮಾಡುತ್ತಿದ್ದವರು. 2012ರಲ್ಲಿ ಸೇನೆಗೆ ಸೇರಿದ ಮೇಲೆ ರೋಯಿಂಗ್ ಶುರು ಮಾಡಿದರು. 2016ರಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ ಒಬ್ಬರ ದೋಣಿಯಲ್ಲಿ 13ನೇ ಸ್ಥಾನ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ನಾಲ್ವರಲ್ಲಿ ಅವರೂ ಒಬ್ಬರು. ನಾನು ಎಷ್ಟೋ ಸೋಮಾರಿ ಬೆಳಗುಗಳಲ್ಲಿ ಅವರನ್ನು ನೆನೆಸಿಕೊಂಡೇ ಎದ್ದಿದ್ದೇನೆ.

ಅಂಗೈ ಬೊಬ್ಬೆ ಬಂದರೆ ಚರ್ಮ ಕಿತ್ತುಹಾಕಬೇಡಿ. ತೊಳೆದು, ಒಣಗಿಸಿ, ಟೇಪ್ ಸುತ್ತಿ. ಹುಟ್ಟಿನ ಹಿಡಿಗಳನ್ನೂ ದಿನವೂ ತೊಳೆಯಿರಿ. ಒಬ್ಬರ ಕೈಯ ನಂಜು ಇನ್ನೊಬ್ಬರಿಗೆ ಬರುತ್ತದೆ.

ಇನ್ನೊಂದು, ಸ್ಪರ್ಧೆಯ ಬೆಳಗ್ಗೆ ದೋಣಿ ತಪಾಸಣೆ ಇರುತ್ತದೆ. ನಮ್ಮ ದೋಣಿಗೇ ಜೋಡಿಸಿರುವ ಶೂಗಳಲ್ಲಿ ಒಂದರ ಹಿಮ್ಮಡಿ ದಾರ ಹರಿದುಹೋಗಿತ್ತು, ಯಾರೂ ನೋಡಿರಲಿಲ್ಲ. ದೋಣಿ ಮಗುಚಿದರೆ ಕಾಲು ಶೂನಿಂದ ಬಿಡಿಸಿಕೊಳ್ಳಲಿ ಅಂತ ಇರುವ ದಾರ ಅದು, ಅದಿಲ್ಲದೆ ನೀರಿಗೆ ಬಿಡುವುದಿಲ್ಲ. ನನ್ನ ಶೂ ಲೇಸ್ ಬಿಚ್ಚಿ ಕಟ್ಟಿದೆವು. ರೇಸ್‌ಗೆ ಕಾಲು ಗಂಟೆ ಇತ್ತು. ಬೆಚ್ಚಗಾಗಲು ಸಮಯವೇ ಸಿಗಲಿಲ್ಲ. ಹಿಂದಿನ ರಾತ್ರಿಯೇ ಪ್ರತಿ ದೋಣಿಯ ಎಂಟೂ ಶೂ, ದೋಣಿಯ ಮೂತಿಯ ರಬ್ಬರ್ ಚೆಂಡು, ಎಲ್ಲ ನಟ್ಟು ಕೈಯಿಂದ ಮುಟ್ಟಿ ನೋಡಿ. ಸ್ಪ್ಯಾನರ್ ಎರಡು ಇಟ್ಟುಕೊಳ್ಳಿ, ಒಂದು ಖಂಡಿತ ನೀರಿಗೆ ಬೀಳುತ್ತದೆ.

ಬೆಂಗಳೂರಿನ ಫಿಸಿಯೋಥೆರಪಿಸ್ಟ್

ಎರಡೇ ವಿಷಯ. ಪಕ್ಕೆಲುಬಿನ ಹತ್ತಿರ ಒಂದೇ ಜಾಗದಲ್ಲಿ ನೋವು, ಕೆಮ್ಮಿದರೆ ಚುಚ್ಚುತ್ತದೆ ಅಂತ ಯಾರಾದರೂ ಹೇಳಿದರೆ ಅವತ್ತೇ ದೋಣಿಯಿಂದ ಇಳಿಸಿ ಡಾಕ್ಟರ್ ಹತ್ತಿರ ಕಳಿಸಿ. ರೋಯಿಂಗ್‌ನಲ್ಲಿ ಪಕ್ಕೆಲುಬಿಗೆ ಸಣ್ಣ ಬಿರುಕು ಬರುವುದು ಗೊತ್ತಿರುವ ತೊಂದರೆ. ತರಬೇತಿ ಒಮ್ಮೆಲೇ ಜಾಸ್ತಿ ಮಾಡಿದಾಗ ಅದರ ಭಯ ಹೆಚ್ಚು. ಹಲ್ಲು ಕಚ್ಚಿ ಎಳೆದರೆ ಸೀಸನ್ನೇ ಹೋಗುತ್ತದೆ.

ಎರಡನೆಯದು ತೂಕ. ದೋಣಿ ಹಗುರಾಗಲಿ ಅಂತ ಹುಡುಗಿಯರು ಊಟ ಬಿಡುವುದನ್ನು ನಾನು ಕಂಡಿದ್ದೇನೆ. ಮುಟ್ಟು ನಿಂತುಹೋಗಿ, ಮೂಳೆ ಸೋತು ಬಂದವರಿಗೆ ಚಿಕಿತ್ಸೆ ಕೊಟ್ಟಿದ್ದೇನೆ. ಕ್ಯಾಪ್ಟನ್ ಆಗಿ ನೀವು ತಂಡದಲ್ಲಿ ಯಾರ ತೂಕದ ಮಾತನ್ನೂ ಎತ್ತಬೇಡಿ, ಕಾಕ್ಸ್‌ಳದಂತೂ ಎತ್ತಲೇಬೇಡಿ.

ಮಗಳು ಅಲ್ಲೇ ರೋ ಮಾಡಿದ ಅಮ್ಮ

ರೇಸ್‌ಗೆ ಮೂರು ಗಂಟೆ ಮುಂಚೆ ಮೊಸರನ್ನ. ನನ್ನ ಮಗಳ ಇಡೀ ದೋಣಿ ಅದನ್ನೇ ತಿಂದು ಇಳಿಯುತ್ತಿತ್ತು. ಒಗ್ಗರಣೆ ಬೇಡ, ಮೆಣಸಿನಕಾಯಿ ಬೇಡ, ಸ್ವಲ್ಪ ಉಪ್ಪು. ಆದರೆ ಮೊದಲ ಸಲ ಅವತ್ತೇ ತಿನ್ನಿಸಬೇಡಿ. ಎರಡು ವಾರ ಮುಂಚೆ ಒಂದು ಜೋರು ಓಟದ ದಿನ ಕೊಟ್ಟು ನೋಡಿ. ಎಲ್ಲರ ಹೊಟ್ಟೆಗೂ ಒಗ್ಗುವುದಿಲ್ಲ.

ಮತ್ತೆ ಆ ಕಾಕ್ಸ್

ಮೊದಲೇ ಬರೆಯಬೇಕಿತ್ತು. ಏಪ್ರಿಲ್‌ನಲ್ಲಿ ಅಲ್ಲಿನ ನೀರು ಮೈ ಕೊರೆಯುತ್ತದೆ. ಮೇಲೆ ಬಿಸಿಲಿದೆ ಅಂತ ಮೋಸ ಹೋಗಬೇಡಿ. ಬಿದ್ದ ಮೊದಲ ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ, ಒಳ್ಳೆಯ ಈಜುಗಾರರಿಗೂ ಸಿಗುವುದಿಲ್ಲ. ಮೋಟರ್ ದೋಣಿ ಜೊತೆಗಿಲ್ಲದ ದಿನ ನೀರಿಗೆ ಇಳಿಯಲೇಬೇಡಿ. ಕೋಚ್ ಬಾರದ ದಿನ ನಾನು ಮೇಲೆ ಹೇಳಿದ ಓಟವನ್ನು ಎರ್ಗ್ ಮೇಲೆ ಮಾಡಿ. ಮಗುಚಿದರೆ ದೋಣಿ ಬಿಟ್ಟು ದಡಕ್ಕೆ ಈಜಬಾರದು, ದೋಣಿಯನ್ನೇ ಹಿಡಿದುಕೊಂಡಿರಬೇಕು. ಇದನ್ನು ಹೊಸಬರ ಬಾಯಲ್ಲಿ ಹೇಳಿಸಿ.

ಹೊರಗುಳಿಯುವ ಇಬ್ಬರ ವಿಷಯ. ಪಟ್ಟಿ ಗೋಡೆಗೆ ಅಂಟಿಸಿ ಹೋಗಬೇಡಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೀವೇ ಹೇಳಿ, ಕಾರಣ ಹೇಳಿ. ವಾರಕ್ಕೆ ಎರಡು ದಿನ ಅವರನ್ನು ದೋಣಿಯಲ್ಲಿ ಕೂರಿಸಲೇಬೇಕು. ಸೀಟ್ ಬದಲಿಸಬೇಡಿ ಅಂದವಳು ನಾನೇ, ನಿಜ. ಆದರೆ ನಿಧಾನದ ಓಟದ ದಿನ ಒಬ್ಬರನ್ನು ಕೂರಿಸಿದರೆ ಏನೂ ಕೆಡುವುದಿಲ್ಲ. ಕೊನೇ ಗಳಿಗೆಯಲ್ಲಿ ದೋಣಿ ಹತ್ತಬೇಕಾದವರು ಅವರೇ ಅಲ್ವಾ?

ಪ್ರಶ್ನೆ ಕೇಳಿದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಹನ್ನೊಂದೂ ಜನ ಕೂತು ಮಾತಾಡಿದೆವು. ಎಂಟರ ದೋಣಿ ಬೇಡ ಅಂತಾಯಿತು. ಇಬ್ಬರಿಗೆ ಬೇಜಾರಾಗಿದೆ, ಜ್ವರದ ಹುಡುಗಿಯ ಕಥೆ ಹೇಳಿದ ಮೇಲೆ ಒಪ್ಪಿದರು. ಶೂ ದಾರ ನೋಡಿದೆ, ಎರಡು ಆಗಲೇ ಸವೆದಿವೆ. ಕೋಚ್ ನಾಳೆ ಬೆಳಗ್ಗೆ ಐದೂವರೆಗೆ ಬರುತ್ತಾರೆ, ಸೀಟ್ ರೇಸ್ ಶುರು. ಹಳಬರು ಐದು ಜನ, ಸೀಟ್ ನಾಲ್ಕು. ಕ್ಯಾಪ್ಟನ್‌ಗೆ ಒಂದು ಸೀಟ್ ಇರಲಿ ಅಂತ ಹುಡುಗಿಯರು ಹೇಳಿದರು. ಬೇಡ ಅಂದೆ. ಸೀಟ್ ರೇಸ್‌ಗೆ ಇಳಿಯುವವರ ಐದು ಚೀಟಿಯಲ್ಲಿ ನನ್ನ ಹೆಸರಿನದೂ ಒಂದು ಬರೆದು ಕಾಕ್ಸ್ ಕೈಗೆ ಕೊಟ್ಟಿದ್ದೇನೆ.