ಆಂಪ್‌ನ 6ಎಲ್6 ಕಿತ್ತು ಇಎಲ್34 ಹಾಕಬಹುದೇ?

ಪ್ರಶ್ನೆ (ಎಸ್.ಎಸ್. ಪುರಂ, ತುಮಕೂರು):

ಸರ್, ನಮಸ್ತೆ. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಫೆಂಡರ್ ಹಾಟ್ ರಾಡ್ ಡಿಲಕ್ಸ್ ಗಿಟಾರ್ ಆಂಪ್ ಇದೆ. ಭಾನುವಾರ ಚರ್ಚ್‌ನಲ್ಲಿ ನುಡಿಸುತ್ತೇನೆ, ಗಣೇಶನ ಹಬ್ಬ ಬಂದರೆ ಆರ್ಕೆಸ್ಟ್ರಾಗೂ ಹೋಗುತ್ತೇನೆ. ಸೌಂಡ್ ತೆಳ್ಳಗಿದೆ, ಕಿವಿಗೆ ಚುಚ್ಚುತ್ತದೆ ಅಂತ ಮುಂದೆ ಕೂತವರು ಹೇಳುತ್ತಾರೆ. ನನಗೆ ಮಾರ್ಷಲ್ ಆಂಪ್ ಥರ ದಪ್ಪನೆಯ ಸೌಂಡ್ ಬೇಕು. ಒಳಗಿರುವ ಎರಡು 6ಎಲ್6 ಪವರ್ ಟ್ಯೂಬ್ (ಸ್ಪೀಕರ್‌ಗೆ ಶಕ್ತಿ ಕೊಡುವ ವಾಲ್ವ್) ತೆಗೆದು ಇಎಲ್34 ಹಾಕು, ಎರಡಕ್ಕೂ ಎಂಟೇ ಪಿನ್, ಸಾಕೆಟ್‌ಗೆ ಸರಿಯಾಗಿ ಕೂರುತ್ತದೆ ಅಂದರು ಒಬ್ಬರು. ಆರ್ಡರ್ ಮಾಡಿಬಿಡಲಾ?

ಉತ್ತರ (ಆಂಪ್ ರಿಪೇರಿ, ಬಿ.ಎಚ್. ರಸ್ತೆ):

ಈಗಲೇ ಮಾಡಬೇಡಿ. ಸಾಕೆಟ್‌ಗೆ ಕೂರುತ್ತದೆ ಅನ್ನುವುದು ನಿಜ, ಆದರೆ ಕೂತ ಮಾತ್ರಕ್ಕೆ ಸರಿಹೋಗುವುದಿಲ್ಲ.

ಮೊದಲು ಫಿಲಮೆಂಟ್, ಅಂದರೆ ಟ್ಯೂಬ್ ಒಳಗೆ ಕಾಯುವ ತಂತಿ, ನೋಡಿ. ಒಂದು 6ಎಲ್6 ಕಾಯಲು 6.3 ವೋಲ್ಟ್‌ನಲ್ಲಿ 0.9 ಆಂಪಿಯರ್ ಎಳೆಯುತ್ತದೆ. ಇಎಲ್34ಕ್ಕೆ 1.5 ಬೇಕು. ನಿಮ್ಮ ಆಂಪ್‌ನಲ್ಲಿ 12ಎಎಕ್ಸ್7 ಅನ್ನುವ ಮೂರು ಸಣ್ಣ ಟ್ಯೂಬ್ ಕೂಡ ಇವೆ, ತಲಾ 0.3. ಈಗ ಒಟ್ಟು 2.7 ಆಂಪಿಯರ್ ಹೋಗುತ್ತಿದೆ, ಇಎಲ್34 ಹಾಕಿದರೆ 3.9 ಆಗುತ್ತದೆ. ಅಷ್ಟು ಹೆಚ್ಚಿನ ಹೊರೆಯನ್ನು ನಿಮ್ಮ ಪವರ್ ಟ್ರಾನ್ಸ್‌ಫಾರ್ಮರ್ ಗಂಟೆಗಟ್ಟಲೆ ತಡೆಯುತ್ತದೆಯೇ ಅಂತ ನೋಡದೆ ಹಾಕುವುದು ತಪ್ಪು. ಟ್ರಾನ್ಸ್‌ಫಾರ್ಮರ್ ಒಂದೇ ದಿನಕ್ಕೆ ಸುಡುವುದಿಲ್ಲ. ಬೇಸಿಗೆಯ ಒಂದು ಜಾತ್ರೆಯಲ್ಲಿ, ರಾತ್ರಿಯೆಲ್ಲ ಆನ್ ಇದ್ದಾಗ ಸುಡುತ್ತದೆ.

ಎರಡನೆಯದು 1ನೇ ಪಿನ್. 6ಎಲ್6ನಲ್ಲಿ ಅದಕ್ಕೆ ಕೆಲಸ ಇಲ್ಲ. ಇಎಲ್34ನಲ್ಲಿ ಅದು ಮೂರನೇ ಗ್ರಿಡ್ (ಟ್ಯೂಬ್ ಒಳಗಿನ ಜಾಲರಿ), ಅದನ್ನು 8ನೇ ಪಿನ್‌ಗೆ, ಅಂದರೆ ಕ್ಯಾಥೋಡ್‌ಗೆ ಸೇರಿಸಿರಬೇಕು. ಕೆಲವು ಆಂಪ್‌ಗಳಲ್ಲಿ 6ಎಲ್6ನ ಆ ಖಾಲಿ ಪಿನ್ನನ್ನೇ ಬೇರೆ ರೆಸಿಸ್ಟರ್ ಬೆಸೆಯಲು ಆಸರೆ ಮಾಡಿಕೊಂಡಿರುತ್ತಾರೆ. ಅಂಥ ಕಡೆ ಇಎಲ್34 ಚುಚ್ಚಿದರೆ ಆ ಗ್ರಿಡ್‌ಗೆ ಏನು ಬೇಕಾದರೂ ವೋಲ್ಟೇಜ್ ಹೋಗಬಹುದು. ಬಿಚ್ಚಿ ನೋಡದೆ ಹೇಳುವ ಹಾಗಿಲ್ಲ.

ಇದೆಲ್ಲ ಸರಿ ಇದ್ದರೂ ಬಯಾಸ್, ಅಂದರೆ ಏನೂ ನುಡಿಸದಿದ್ದಾಗಲೂ ಪವರ್ ಟ್ಯೂಬ್‌ನಲ್ಲಿ ಹರಿಯುವ ಕರೆಂಟ್, ಹೊಸದಾಗಿ ಇಡಲೇಬೇಕು. ನಿಮ್ಮಲ್ಲಿರುವ ಥರದ 6ಎಲ್6, ಅಂದರೆ 6ಎಲ್6ಜಿಸಿಯ ಪ್ಲೇಟ್ (ಒಳಗಿನ ತಗಡು) 30 ವಾಟ್ ಬಿಸಿ ತಡೆಯುತ್ತದೆ, ಇಎಲ್34 ತಡೆಯುವುದು 25 ವಾಟ್. ಅದರ ಲೆಕ್ಕವೇ ಬೇರೆ.

ಈಗ ನಿಮಗೆ ನಿಜವಾಗಿ ಬೇಕಾದ ವಿಷಯಕ್ಕೆ ಬರುತ್ತೇನೆ. ಪವರ್ ಟ್ಯೂಬ್‌ನ ಗುಣ ಗೊತ್ತಾಗುವುದು ಅದನ್ನು ದುಡಿಸಿದಾಗ. 6ಎಲ್6 ಜೋರಾಗಿ ನುಡಿಸಿದರೂ ಸ್ವಚ್ಛವಾಗಿರುತ್ತದೆ, ಬೇಸ್ ಬಿಗಿ, ಮೇಲಿನ ಸ್ವರ ಸ್ಫುಟ. ಇಎಲ್34 ಮಧ್ಯದ ಸ್ವರಗಳನ್ನು ಮುಂದೆ ತಳ್ಳುತ್ತದೆ, ಬೇಗ ಒರಟಾಗುತ್ತದೆ. ಆ ವ್ಯತ್ಯಾಸ ಇರುವುದು ಹೌದು. ಆದರೆ ನಿಮ್ಮದು 40 ವಾಟ್ ಆಂಪ್. ಚರ್ಚ್ ಹಾಲ್‌ನಲ್ಲಿ ವಾಲ್ಯೂಮ್ 2 ದಾಟುವಷ್ಟರಲ್ಲಿ ಜನ ತಿರುಗಿ ನೋಡುತ್ತಾರೆ, ಅಲ್ವಾ? ಅಷ್ಟರಲ್ಲಿ ಪವರ್ ಟ್ಯೂಬ್ ಇನ್ನೂ ಮೈ ಮುರಿದು ಎದ್ದಿರುವುದೇ ಇಲ್ಲ. ನೀವು ಕೇಳುತ್ತಿರುವುದು ಮುಂದಿನ ಸಣ್ಣ ಟ್ಯೂಬ್‌ಗಳು, ಟೋನ್ ಕಂಟ್ರೋಲ್ ಮತ್ತು ಸ್ಪೀಕರ್. ಅಲ್ಲಿ ಇಎಲ್34 ಹಾಕಿದರೂ ದುಡ್ಡು ಹೋಗುತ್ತದೆ, ಸೌಂಡ್ ಹೆಚ್ಚುಕಡಿಮೆ ಅದೇ ಇರುತ್ತದೆ.

ಮಾರ್ಷಲ್ ಅಂದರೆ ಬರೀ ಇಎಲ್34 ಅಂದುಕೊಳ್ಳಬೇಡಿ. ಅವರ ಮೊದಲ ಆಂಪ್, 1960ರ ದಶಕದ ಆರಂಭದ ಜೆಟಿಎಂ45, ಫೆಂಡರ್‌ನ ಬಾಸ್‌ಮನ್ ಆಂಪ್‌ನ ಸರ್ಕ್ಯೂಟ್ ನೋಡಿಕೊಂಡೇ ಕಟ್ಟಿದ್ದು. ಅದರಲ್ಲಿ ಮೊದಲು ಇದ್ದದ್ದು 5881, ಅದು 6ಎಲ್6ನ ದಾಯಾದಿಯೇ. ಆಮೇಲೆ ಕೆಟಿ66 ಬಂತು, ಇಎಲ್34 ಬಂದಿದ್ದು ಇನ್ನೂ ಆಮೇಲೆ. ಆ ದಪ್ಪ ಸೌಂಡ್‌ನಲ್ಲಿ ಹಿಂಭಾಗ ಮುಚ್ಚಿದ ನಾಲ್ಕು ಸ್ಪೀಕರ್‌ಗಳ ಪೆಟ್ಟಿಗೆಯ ಪಾಲು ಬಹಳ. ನಿಮ್ಮದರಲ್ಲಿ 12 ಇಂಚಿನ ಒಂದೇ ಸ್ಪೀಕರ್, ಹಿಂದೆ ತೆರೆದ ಪೆಟ್ಟಿಗೆ.

ಎರಡು ವಿಷಯ ತಿಳಿಸಿ. ಆಂಪ್ ಎಲ್ಲಿಟ್ಟು ನುಡಿಸುತ್ತೀರಿ? ಬಯಾಸ್ ಯಾವತ್ತಾದರೂ ನೋಡಿಸಿದ್ದೀರಾ?

ಪ್ರಶ್ನೆ ಕೇಳಿದವರು:

ನೆಲದ ಮೇಲೆ ಸರ್, ನನ್ನ ಹಿಂದೆ, ಕಾಲಿನ ಹತ್ತಿರ. ಬಯಾಸ್ ನೋಡಿಸಿಲ್ಲ, ತೆಗೆದುಕೊಂಡಾಗ ಹೇಗಿತ್ತೋ ಹಾಗೇ ಇದೆ.

ಉತ್ತರ:

ಅರ್ಧ ಕಾರಣ ಅಲ್ಲೇ ಇದೆ. ಗಿಟಾರ್ ಸ್ಪೀಕರ್‌ನ ಚೂಪು ಸೌಂಡ್ ನೇರವಾಗಿ ಮುಂದಕ್ಕೆ ಹೋಗುತ್ತದೆ, ಪಕ್ಕಕ್ಕೂ ಮೇಲಕ್ಕೂ ಹರಡುವುದಿಲ್ಲ. ಆಂಪ್ ಕಾಲಿನ ಹತ್ತಿರ ಇದ್ದರೆ ಆ ಚೂಪು ನಿಮ್ಮ ಮೊಣಕಾಲಿಗೆ ಬಡಿಯುತ್ತದೆ, ಕಿವಿಗೆ ಬರುವುದಿಲ್ಲ. ಮಂದವಾಗಿದೆ ಅಂತ ನೀವು ಟ್ರೆಬಲ್, ಪ್ರೆಸೆನ್ಸ್ (ಎರಡೂ ಚೂಪು ಹೆಚ್ಚಿಸುವ ನಾಬ್‌ಗಳು) ಏರಿಸುತ್ತೀರಿ. ಮುಂದಿನ ಬೆಂಚಿನವರ ಕಿವಿ ಸ್ಪೀಕರ್ ಎತ್ತರದಲ್ಲೇ ಇರುತ್ತದೆ, ಅವರಿಗೆ ಚುಚ್ಚುತ್ತದೆ. ಆಂಪನ್ನು ಗಟ್ಟಿ ಕುರ್ಚಿ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ ನಿಮ್ಮ ಮುಖ ನೋಡುವ ಹಾಗೆ ಮಾಡಿ. ಆಮೇಲೆ ಪ್ರೆಸೆನ್ಸ್ ಪೂರ್ತಿ ಇಳಿಸಿ ಅಲ್ಲಿಂದ ಶುರು ಮಾಡಿ. ಇದಕ್ಕೆ ಖರ್ಚು ಏನೂ ಇಲ್ಲ, ಮೊದಲು ಇದನ್ನೇ ಮಾಡಿ.

ಇನ್ನು ಬಯಾಸ್. ಈ ಆಂಪ್‌ನ ಬೋರ್ಡ್ ಮೇಲೆ ಅಳೆಯಲು ಒಂದು ಟೆಸ್ಟ್ ಪಾಯಿಂಟ್ ಕೊಟ್ಟಿದ್ದಾರೆ. ಎರಡೂ ಪವರ್ ಟ್ಯೂಬ್‌ಗಳ ಕರೆಂಟ್ ಅಲ್ಲಿ 1 ಓಮ್ ರೆಸಿಸ್ಟರ್ ಮೂಲಕ ಹೋಗುತ್ತದೆ, ಹಾಗಾಗಿ ಒಂದು ಮಿಲಿವೋಲ್ಟ್ ಅಂದರೆ ಒಂದು ಮಿಲಿಆಂಪಿಯರ್. ಕಂಪನಿ ಹೇಳುವುದು 60 ಮಿಲಿವೋಲ್ಟ್, ಅಂದರೆ ಒಂದೊಂದಕ್ಕೆ 30 ಮಿಲಿಆಂಪಿಯರ್. ಪ್ಲೇಟ್‌ನಲ್ಲಿ 420 ವೋಲ್ಟ್ ಇದೆ ಅಂದುಕೊಂಡರೆ 12.6 ವಾಟ್ ಆಯಿತು. 30 ವಾಟ್ ತಡೆಯುವ ಟ್ಯೂಬ್‌ಗೆ ಇದು ತಣ್ಣಗಿನ ಬಯಾಸ್. ಟ್ಯೂಬ್ ಹೆಚ್ಚು ದಿನ ಬಾಳುತ್ತದೆ ನಿಜ, ಆದರೆ ಇನ್ನೂ ತಣ್ಣಗಾದರೆ ಒಂದು ಟ್ಯೂಬ್ ಬಿಟ್ಟು ಇನ್ನೊಂದು ಹಿಡಿಯುವ ಜಾಗದಲ್ಲಿ ಸೌಂಡ್ ಕತ್ತರಿಸಿದಂತಾಗಿ ತೆಳ್ಳಗೆ, ಒರಟಾಗಿ ಕೇಳಿಸುತ್ತದೆ. ನೀವು ಹೇಳುತ್ತಿರುವ ದೂರು ಅದೇ ಥರ ಇದೆ. 70 ಮಿಲಿವೋಲ್ಟ್ ಸುತ್ತಮುತ್ತ ಇಟ್ಟರೆ ಒಂದೊಂದು ಟ್ಯೂಬ್ 15 ವಾಟ್ ಒಳಗೇ ಇರುತ್ತದೆ. ಎಪ್ಪತ್ತು ಪರ್ಸೆಂಟ್ ಮಿತಿ ಅಂತ ನಾವು ಇಟ್ಟುಕೊಳ್ಳುವುದು 21 ವಾಟ್, ಅದಕ್ಕಿಂತ ತುಂಬಾ ಕೆಳಗೆ. ಸೌಂಡ್ ಮಾತ್ರ ಮೈ ತುಂಬಿಕೊಳ್ಳುತ್ತದೆ.

ಆದರೆ ದಯವಿಟ್ಟು ನೀವೇ ಬಿಚ್ಚಬೇಡಿ. ಒಳಗೆ 400 ವೋಲ್ಟ್‌ಗಿಂತ ಜಾಸ್ತಿ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ನಾವು ಕೆಲಸ ಮಾಡುವಾಗಲೂ ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಇಟ್ಟು ಸೊನ್ನೆ ತೋರಿಸಿದ ಮೇಲೆಯೇ ಕೈ ಹಾಕುವುದು. ಬಯಾಸ್ ಅಳೆಯುವಾಗ ಆಂಪ್ ಆನ್ ಇರಲೇಬೇಕು, ಆಗ ಒಂದು ಕೈ ಬೆನ್ನ ಹಿಂದೆ.

ಬಿಚ್ಚದೇ ನೀವು ನೋಡಬಹುದಾದದ್ದು ಒಂದಿದೆ. ರಾತ್ರಿ ಲೈಟ್ ಆರಿಸಿ ಆಂಪ್ ಹಿಂದಿನಿಂದ ಇಣುಕಿ. ಟ್ಯೂಬ್ ಮಧ್ಯದಲ್ಲಿ ಫಿಲಮೆಂಟ್ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದು ಸರಿ. ಗಾಜಿನ ಒಳಮೈಯಲ್ಲಿ ನೀಲಿ ಛಾಯೆ ಕಂಡರೆ ಅದಕ್ಕೂ ಹೆದರಬೇಡಿ. ಆದರೆ ಸುತ್ತ ಇರುವ ಬೂದು ತಗಡಿನ ಪ್ಲೇಟ್ ಮೇಲೆ ಮಂಕು ಕೆಂಪು ಮಚ್ಚೆ ಎದ್ದು ಅಗಲವಾಗುತ್ತಾ ಹೋದರೆ ತಕ್ಷಣ ಆಫ್ ಮಾಡಿ. ಅದು ಬಯಾಸ್ ಕೈತಪ್ಪಿದೆ ಅನ್ನುವ ಗುರುತು. ಹಾಗೇ ಬಿಟ್ಟರೆ ಟ್ಯೂಬ್ ಹೋಗುತ್ತದೆ, ಕೆಲವೊಮ್ಮೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಇನ್ನೊಬ್ಬರ ಪ್ರಶ್ನೆ (ಕ್ಯಾತ್ಸಂದ್ರ):

ಸರ್, ನಮ್ಮ ತಾತನ ಕಾಲದ ವಾಲ್ವ್ ರೇಡಿಯೊದಲ್ಲಿ ಬಿಇಎಲ್ ಅಂತ ಬರೆದಿರುವ ಇಎಲ್84 ಇದೆ. ಅದನ್ನು ಗಿಟಾರ್ ಆಂಪ್‌ಗೆ ಬಳಸಬಹುದಾ?

ಉತ್ತರ:

ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲಿ ತಯಾರಾದದ್ದು, ಸಿಕ್ಕಿರುವುದು ನಿಮ್ಮ ಅದೃಷ್ಟ. ಇಎಲ್84 ಒಳ್ಳೆಯ ಗಿಟಾರ್ ಟ್ಯೂಬೇ. ವಾಕ್ಸ್ ಎಸಿ15, ಎಸಿ30 ಆಂಪ್‌ಗಳ ಮಿನುಗು ಸೌಂಡ್ ಬರುವುದು ಇದರಿಂದ. ಆದರೆ ಇದಕ್ಕೆ ಗಾಜಿನಿಂದಲೇ ಹೊರಟ ಒಂಬತ್ತು ಸಣ್ಣ ಪಿನ್, 6ಎಲ್6 ಸಾಕೆಟ್‌ಗೆ ಕೂರುವುದೇ ಇಲ್ಲ. ಇಎಲ್84 ಬಳಸುವ ಆಂಪ್‌ಗಳಲ್ಲೂ ಸಾಮಾನ್ಯವಾಗಿ ಜೋಡಿ ಬೇಕು, ಎರಡೂ ಹೆಚ್ಚುಕಡಿಮೆ ಒಂದೇ ಕರೆಂಟ್ ಎಳೆಯುವಂಥವು. ಒಂದೇ ಇದ್ದರೆ ಅದು ರೇಡಿಯೊದಲ್ಲೇ ಇರಲಿ. ತಾತನ ರೇಡಿಯೊ ಮತ್ತೆ ಹಾಡಿದರೆ ಅದಕ್ಕಿಂತ ಒಳ್ಳೆಯ ಉಪಯೋಗ ಇನ್ನೇನಿದೆ?

ಮತ್ತೊಬ್ಬರು (ಶಿರಾ):

ಬೇರೆ ಬೇರೆ ಬ್ರಾಂಡ್ 6ಎಲ್6ಗಳಲ್ಲಿ ತುಂಬಾ ವ್ಯತ್ಯಾಸ ಇರುತ್ತದಾ? ಆಮೇಲೆ ನಾವು ಹಳ್ಳಿಗಳಲ್ಲಿ ಜನರೇಟರ್ ಮೇಲೆ ನುಡಿಸುತ್ತೇವೆ, ಟ್ಯೂಬ್ ಬೇಗ ಬೇಗ ಹೋಗುತ್ತಿದೆ.

ಉತ್ತರ:

ಬ್ರಾಂಡ್ ವ್ಯತ್ಯಾಸ ಇದೆ, ಆದರೆ ಹೇಳುವಷ್ಟು ದೊಡ್ಡದಲ್ಲ. ಟ್ಯೂಬ್ ಮಾಡುವ ಕಾರ್ಖಾನೆಗಳೇ ಈಗ ಬೆರಳೆಣಿಕೆಯಷ್ಟು. ಸ್ಲೊವಾಕಿಯಾದ ಜೆಜೆ ಇದೆ, ಚೀನಾದ್ದು ಇದೆ, ರಷ್ಯಾದ ಸರಟೋವ್‌ನ ಒಂದೇ ಕಾರ್ಖಾನೆಯಿಂದ ಸೋವ್‌ಟೆಕ್, ಎಲೆಕ್ಟ್ರೋ ಹಾರ್ಮೋನಿಕ್ಸ್, ಟಂಗ್‌ಸಾಲ್ ಅಂತ ಬೇರೆ ಬೇರೆ ಹೆಸರಲ್ಲಿ ಬರುತ್ತವೆ. ಹೊಸ ಟ್ಯೂಬ್ ಹಾಕಿದ ದಿನ ಸೌಂಡ್ ಅದ್ಭುತ ಅನಿಸುವುದು ಬಹಳ ಸಲ ಹಳೆಯದು ಸವೆದು ಹೋಗಿದ್ದರಿಂದ. ಬ್ರಾಂಡ್ ನೋಡುವ ಬದಲು ಮ್ಯಾಚ್ ಮಾಡಿದ ಜೋಡಿಯೇ ಅಂತ ಕೇಳಿ ತೆಗೆದುಕೊಳ್ಳಿ.

ಜನರೇಟರ್ ವಿಷಯ ಇದಕ್ಕಿಂತ ಮುಖ್ಯ. 230 ಬರಬೇಕಾದ ಕಡೆ 250 ಬಂದರೆ ಫಿಲಮೆಂಟ್ 6.3ರಿಂದ ಸುಮಾರು 6.85ಕ್ಕೆ ಏರುತ್ತದೆ, 420 ಇದ್ದ ಪ್ಲೇಟ್ 456 ಆಗುತ್ತದೆ. ಫಿಲಮೆಂಟ್‌ಗೆ ಹತ್ತು ಪರ್ಸೆಂಟ್ ಆಚೆ ಈಚೆ ಮಾತ್ರ ಬಿಡುವು ಇರುವುದು, ನೀವು ಅಂಚಿನಲ್ಲಿದ್ದೀರಿ. ಲೈಟಿನವರು ಒಮ್ಮೆಲೇ ದೊಡ್ಡ ಲೈಟ್ ಆರಿಸಿದಾಗ ಇನ್ನೂ ಮೇಲೆ ಹೋಗುತ್ತದೆ. ಆಂಪ್ ಹಾಕುವ ಮುಂಚೆ ಸಾಕೆಟ್‌ಗೆ ಮೀಟರ್ ಇಟ್ಟು ನೋಡಿ. ಒಳ್ಳೆಯ ಸ್ಟೆಬಿಲೈಸರ್ ಒಂದು ಆಂಪ್ ಜೊತೆಗೇ ಓಡಾಡಲಿ, ಅದರ ಖರ್ಚು ಟ್ಯೂಬ್ ಉಳಿತಾಯದಲ್ಲೇ ಬರುತ್ತದೆ.

ಮೊದಲು ಕೇಳಿದವರು:

ಸರ್, ಆಂಪ್ ಕುರ್ಚಿ ಮೇಲಿಟ್ಟು ನುಡಿಸಿದೆ. ಟ್ರೆಬಲ್ 7ರಲ್ಲಿ ಇರುತ್ತಿತ್ತು, ಈಗ 4 ಸಾಕಾಗುತ್ತಿದೆ. ಚುಚ್ಚುವುದು ತುಂಬಾ ಕಡಿಮೆ ಆಯಿತು. ಲೈಟ್ ಆರಿಸಿ ನೋಡಿದೆ, ಕೆಂಪು ಮಚ್ಚೆ ಇಲ್ಲ. ಆದರೆ ಡಿಸ್ಟಾರ್ಷನ್ ಕೊಡುವ ಡ್ರೈವ್ ಚಾನೆಲ್ ಇನ್ನೂ ಗರಗರ ಅನ್ನುತ್ತದೆ, ನಯ ಇಲ್ಲ.

ಉತ್ತರ:

ಒಳ್ಳೆಯದಾಯಿತು. ಡ್ರೈವ್ ಗರಗರ ಅನ್ನುವುದು ಪವರ್ ಟ್ಯೂಬ್ ಕೆಲಸ ಅಲ್ಲ, ಮುಂದಿನ ಸಣ್ಣ ಟ್ಯೂಬ್‌ಗಳದ್ದು. ಅವುಗಳ ಪೈಕಿ ಪವರ್ ಟ್ಯೂಬ್‌ಗಳಿಂದ ತೀರಾ ದೂರ ಇರುವ 12ಎಎಕ್ಸ್7 ಮೊದಲನೆಯದು, ಗಿಟಾರ್ ಸಿಗ್ನಲ್ ಮೊದಲು ಹೋಗುವುದು ಅಲ್ಲಿಗೆ. ಅದರ ಗೇನ್ ಅಂಶ (ಸಿಗ್ನಲ್ ದೊಡ್ಡದು ಮಾಡುವ ಶಕ್ತಿಯ ಅಳತೆ) 100. ಅದರ ಜಾಗಕ್ಕೆ 5751 ಹಾಕಿದರೆ 70, 12ಎಟಿ7 ಹಾಕಿದರೆ 60. ಪಿನ್ ಒಂದೇ, ಫಿಲಮೆಂಟ್ ವ್ಯತ್ಯಾಸ ಲೆಕ್ಕಕ್ಕಿಲ್ಲದಷ್ಟು, ಬಯಾಸ್ ಇಡುವ ಗೋಜಿಲ್ಲ. ನಾನಾದರೆ 5751 ಹಾಕುತ್ತೇನೆ. ಡ್ರೈವ್ ನಯವಾಗುತ್ತದೆ, ಜೊತೆಗೆ ವಾಲ್ಯೂಮ್ ನಾಬ್ 2ರಲ್ಲೇ ಸಿಡಿಯುವುದು ಬಿಟ್ಟು ಸ್ವಲ್ಪ ತಿರುಗಿಸಲು ಜಾಗ ಸಿಗುತ್ತದೆ. ಒಂದು ಜೋಡಿ ಪವರ್ ಟ್ಯೂಬ್‌ನ ಬೆಲೆಗೆ ಹೋಲಿಸಿದರೆ ಖರ್ಚು ತುಂಬಾ ಕಡಿಮೆ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯೂಬ್ ತಣ್ಣಗಾದ ಮೇಲೆ ಮೇಲಿನ ತಗಡಿನ ಕವಚ ತಿರುಗಿಸಿ ತೆಗೆಯಿರಿ. ಟ್ಯೂಬನ್ನು ನೇರವಾಗಿ ಕೆಳಕ್ಕೆ ಎಳೆಯಿರಿ, ಜಾಸ್ತಿ ಅಲ್ಲಾಡಿಸಬೇಡಿ, ಸಾಕೆಟ್ ಬೋರ್ಡ್‌ಗೆ ಬೆಸೆದಿರುವುದರಿಂದ ಬೆಸುಗೆ ಬಿಡುತ್ತದೆ. ಹಳೆಯ 12ಎಎಕ್ಸ್7 ಎಸೆಯಬೇಡಿ, ಇಷ್ಟವಾಗದಿದ್ದರೆ ವಾಪಸ್ ಹಾಕಿಕೊಳ್ಳಬಹುದು.

ಬಯಾಸ್‌ಗೆ ಆಂಪ್ ಅಂಗಡಿಗೆ ತನ್ನಿ. ಈಗಿರುವ 6ಎಲ್6ಗಳಲ್ಲೇ 70ಕ್ಕೆ ಇಟ್ಟು, ನಿಮ್ಮ ಗಿಟಾರ್‌ನಲ್ಲೇ ನುಡಿಸಿ ಕೇಳೋಣ. ಬರುವಾಗ ಸ್ಟೇಜ್‌ನಲ್ಲಿ ಬಳಸುವ ಕೇಬಲ್, ಪೆಡಲ್ ಕೂಡ ಇರಲಿ.