ಕಡತದ ಪುಟಗಳನ್ನು ಚಿತ್ರವಾಗಿ ‘ಪರಿವರ್ತಿಸುವುದೋ’, ‘ಚಿತ್ರಪ್ರತಿ ತೆಗೆಯುವುದೋ’?

ಬಳಗದ ಎಲ್ಲರಿಗೂ ನಮಸ್ಕಾರ.

ಮನೆಯ ಕಂಪ್ಯೂಟರಿನಲ್ಲಿರುವ ವರ್ಡ್ ಅಥವಾ ಪಿಡಿಎಫ್ ಕಡತವನ್ನು ಪುಟಪುಟವಾಗಿ ಜೆಪಿಜಿ, ಪಿಎನ್‌ಜಿ ಚಿತ್ರಗಳಾಗಿ ಮಾಡಿಕೊಳ್ಳುತ್ತೇವಲ್ಲ, ಆ ಕೆಲಸಕ್ಕೆ ಕನ್ನಡದಲ್ಲಿ ಯಾವ ಕ್ರಿಯಾಪದ ಒಪ್ಪುತ್ತದೆ ಎಂಬುದು ನನ್ನ ಪ್ರಶ್ನೆ. ಕಂಪ್ಯೂಟರನ್ನು ಈಗಷ್ಟೇ ಕಲಿಯುತ್ತಿರುವ ಹಿರಿಯರಿಗಾಗಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಈ ಅಧ್ಯಾಯಕ್ಕೆ ಇನ್ನೂ ಹೆಸರಿಟ್ಟಿಲ್ಲ. ಸಾಮಾನ್ಯವಾಗಿ ಕಣ್ಣಿಗೆ ಬೀಳುವ ಪದ ‘ಪರಿವರ್ತಿಸು’. ಅದು ಇಲ್ಲಿ ಹೊಂದುವುದಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತಿದೆ.

ಕನ್ನಡಿಗರಿಗೆ ಈ ಕೆಲಸದ ಅಗತ್ಯ ತುಸು ಹೆಚ್ಚೇ ಇದೆ. ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆಬೇರೆ ಸ್ಥಾನ ಕೊಡುವ ಯೂನಿಕೋಡ್ ಪದ್ಧತಿ ಬೇರೂರುವ ಮೊದಲು ‘ನುಡಿ’, ‘ಬರಹ’ ಮೊದಲಾದ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಇಂದಿಗೂ ಅನೇಕರ ಬಳಿ ಉಳಿದಿವೆ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಥ ವರ್ಡ್ ಕಡತವನ್ನು ತೆರೆದರೆ ಲಗ್ನಪತ್ರಿಕೆಯ ಒಕ್ಕಣೆಯೂ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಪುಟವನ್ನು ಚಿತ್ರ ಮಾಡಿ ಕಳುಹಿಸಿದರೆ ಯಾರ ಮೊಬೈಲಿನಲ್ಲಾದರೂ ಅದು ಇದ್ದಂತೆಯೇ ಕಾಣುತ್ತದೆ. ಅರ್ಜಿಗಳ ಜೊತೆ ಲಗತ್ತಿಸಬೇಕಾದ ಪತ್ರಗಳನ್ನು ಜೆಪಿಜಿಯಲ್ಲೇ ಕೇಳುವ ಕಡೆಗಳಲ್ಲೂ ಇದೇ ದಾರಿ.

ಈಗ ಕ್ರಿಯಾಪದಕ್ಕೆ ಬರುತ್ತೇನೆ. ‘ಪರಿವರ್ತನೆ’ ಎಂದರೆ ನಮ್ಮ ಜನರಿಗೆ ಮೊದಲು ನೆನಪಾಗುವುದು ಭೂಪರಿವರ್ತನೆ. ಕೃಷಿ ಜಮೀನು ಒಮ್ಮೆ ಪರಿವರ್ತನೆಯಾಯಿತೆಂದರೆ ಅದು ಕೃಷಿ ಜಮೀನಾಗಿ ಉಳಿಯುವುದಿಲ್ಲ. ಹಾಲು ಮೊಸರಾಗಿ ಪರಿವರ್ತನೆಯಾಯಿತು ಎಂದರೂ ಹಾಲು ಹೋಯಿತೆಂದೇ ಅರ್ಥ. ಕಂಪ್ಯೂಟರಿನಲ್ಲಿ ನಡೆಯುವುದು ಹಾಗಲ್ಲ: ಮೂಲ ಕಡತ ಇದ್ದಲ್ಲೇ ಇರುತ್ತದೆ, ಅದರ ಪಕ್ಕದಲ್ಲಿ ಹೊಸ ಚಿತ್ರಗಳು ಹುಟ್ಟುತ್ತವೆ. ಕೈಪಿಡಿಯ ಕರಡು ಓದಿದ ಹಿರಿಯರೊಬ್ಬರು ‘ಪರಿವರ್ತಿಸಿದ ಮೇಲೆ ನನ್ನ ಕ್ರಯಪತ್ರದ ಪಿಡಿಎಫ್ ಮತ್ತೆ ಸಿಗುತ್ತದೆಯೇ?’ ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದದ್ದು. ಆ ಪದವೇ ಅವರಲ್ಲಿ ಅಳುಕು ಹುಟ್ಟಿಸಿತ್ತು.

‘ಬದಲಿಸು’ ಇನ್ನೂ ತೊಡಕು. ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವುದಕ್ಕೆ, ಒಂದನ್ನು ತೆಗೆದು ಅಲ್ಲಿ ಇನ್ನೊಂದನ್ನು ಇಡುವುದಕ್ಕೆ ಆ ಪದ ಸಲ್ಲುತ್ತದೆ. ‘ಮಾರ್ಪಡಿಸು’ ಎಂದರೆ ಅಪಾಯವೇ ಸರಿ. ಪತ್ರವನ್ನು ಮಾರ್ಪಡಿಸಿದ್ದೇನೆ ಎಂದು ಯಾರಾದರೂ ಹೇಳಿದರೆ ಒಳಗಿನ ಒಕ್ಕಣೆಯನ್ನೇ ತಿದ್ದಿದ್ದಾರೆ ಎಂದು ಕೇಳುವವರು ತಿಳಿಯುತ್ತಾರೆ.

ಹಾಗಾದರೆ ಏನೆನ್ನುವುದು? ಜೆರಾಕ್ಸ್ ಅಂಗಡಿಯಲ್ಲಿ ನಾವು ಎಂದಾದರೂ ಕಾಗದವನ್ನು ಪರಿವರ್ತಿಸಿಕೊಡಿ ಎನ್ನುತ್ತೇವೆಯೇ? ‘ಎರಡು ಪ್ರತಿ ತೆಗೆದುಕೊಡಿ’ ಎನ್ನುತ್ತೇವೆ. ಫೋಟೊ ತೆಗೆಯುತ್ತೇವೆ, ಪ್ರಿಂಟ್ ತೆಗೆಯುತ್ತೇವೆ, ಪಹಣಿಯ ನಕಲು ತೆಗೆಸುತ್ತೇವೆ. ಮೂಲಕ್ಕೆ ಧಕ್ಕೆಯಾಗದಂತೆ ಅದರ ಇನ್ನೊಂದು ರೂಪವನ್ನು ಪಡೆಯುವುದಕ್ಕೆ ಕನ್ನಡದಲ್ಲಿ ‘ತೆಗೆ’ ಎಂಬ ಧಾತು ಮೊದಲಿನಿಂದಲೂ ಸಿದ್ಧವಾಗಿ ನಿಂತಿದೆ. ನಾಮಪದದ ಹಾದಿಯೂ ಸವೆದದ್ದೇ. ಹಸ್ತಪ್ರತಿ, ಮೂಲಪ್ರತಿ, ಗೌರವಪ್ರತಿ, ಜೆರಾಕ್ಸಿಗೆ ಬಳಕೆಯಲ್ಲಿರುವ ಛಾಯಾಪ್ರತಿ ಎಲ್ಲವೂ ಇವೆ. ಅವುಗಳ ಸಾಲಿನಲ್ಲಿ ‘ಚಿತ್ರಪ್ರತಿ’ ಕೂತರೆ ಅದು ಹೊಸ ಪದ ಎಂದು ಯಾರಿಗೂ ಅನಿಸದು. ಆದ್ದರಿಂದ ನನ್ನ ಸೂಚನೆ: ‘ಕಡತದ ಪುಟಗಳ ಚಿತ್ರಪ್ರತಿ ತೆಗೆಯುವುದು’.

ಇದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪಣೆ ಒಂದಿದೆ. ‘ತೆಗೆ’ ಎಂದರೆ ಕಿತ್ತುಹಾಕು ಎಂದೂ ಆಗುತ್ತದೆ. ಗುಂಡಿಯ ಮೇಲೆ ‘ಚಿತ್ರ ತೆಗೆ’ ಎಂದಷ್ಟೇ ಬರೆದರೆ ಇರುವ ಚಿತ್ರವೇ ಅಳಿಸಿಹೋದೀತು ಎಂದು ಹೆದರುವವರು ಇರುತ್ತಾರೆ. ‘ಪ್ರತಿ’ ಎಂಬ ಎರಡಕ್ಷರವನ್ನು ಬಿಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ‘ಪ್ರತಿ ತೆಗೆ’ ಎಂಬುದನ್ನು ಯಾರೂ ಅಳಿಸು ಎಂದು ಓದುವುದಿಲ್ಲ. ಅಳಿಸುವುದಕ್ಕೆ ‘ಅಳಿಸು’, ‘ತೆಗೆದುಹಾಕು’ ಬೇರೆಯೇ ಇವೆ.

‘ಪುಟಗಳ’ ಎಂಬ ಬಹುವಚನವನ್ನೂ ಯೋಚಿಸಿಯೇ ಇಟ್ಟಿದ್ದೇನೆ. ಹನ್ನೆರಡು ಪುಟಗಳ ಪಿಡಿಎಫ್‌ನಿಂದ ಒಂದು ಚಿತ್ರ ಬರುವುದಿಲ್ಲ, ಹನ್ನೆರಡು ಬರುತ್ತವೆ. ‘ಕಡತವನ್ನು ಚಿತ್ರವಾಗಿ ಪರಿವರ್ತಿಸಿ’ ಎಂಬ ಏಕವಚನ ಓದಿದವರು ಮೊದಲ ಪುಟದ ಚಿತ್ರವನ್ನಷ್ಟೇ ಕಳುಹಿಸಿ ಸುಮ್ಮನಾಗುತ್ತಾರೆ.

ಮೂಲಕ್ಕೆ ‘ದಸ್ತಾವೇಜು’ ಎನ್ನಲು ನನಗೆ ಮನಸ್ಸಿಲ್ಲ. ಉಪನೋಂದಣಿ ಕಚೇರಿಯ ವಾಸನೆ ಅದಕ್ಕೆ ಅಂಟಿದೆ. ಮೊಮ್ಮಗಳ ಪ್ರಬಂಧವನ್ನು ಯಾರೂ ದಸ್ತಾವೇಜು ಎನ್ನುವುದಿಲ್ಲ. ‘ದಾಖಲೆ’ ಎಂದರೆ ಪುರಾವೆ ಎಂಬ ಅರ್ಥ ಮುಂದಾಗುತ್ತದೆ. ‘ಕಡತ’ ನನಗೆ ಬಹಳ ಇಷ್ಟ. ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕಪತ್ರ ಬರೆದಿಡುತ್ತಿದ್ದ ವಸ್ತುವಿನ ಹೆಸರದು. ಬೇಡವಾದದ್ದನ್ನು ಅಳಿಸಿ ಅಲ್ಲೇ ಮತ್ತೆ ಬರೆಯಬಹುದಾಗಿತ್ತು. ತಿದ್ದಲು ಬರುವ ವರ್ಡ್ ಕಡತಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇಕೆ? ಚಿತ್ರವೂ ತಾಂತ್ರಿಕವಾಗಿ ಒಂದು ಕಡತವೇ ಎಂಬುದು ನಿಜ. ಹೊಸಬರ ಕೈಪಿಡಿಯಲ್ಲಿ ಅಷ್ಟು ಸೂಕ್ಷ್ಮ ಬೇಡವೆಂದು ಬಿಟ್ಟಿದ್ದೇನೆ.

ಇನ್ನೊಂದು ಪದಕ್ಕೂ ನಿಮ್ಮ ನೆರವು ಬೇಕು. ಚಿತ್ರಪ್ರತಿ ತೆಗೆಯುವಾಗ ತಂತ್ರಾಂಶ ‘ರೆಸಲ್ಯೂಷನ್ ಎಷ್ಟು?’ ಎಂದು ಕೇಳುತ್ತದೆ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಪಿಡಿಎಫ್ ತೆರೆದರೂ, ಮ್ಯಾಕ್ ಕಂಪ್ಯೂಟರಿನ ಪ್ರಿವ್ಯೂ ತಂತ್ರಾಂಶದಿಂದ ಚಿತ್ರವಾಗಿ ಉಳಿಸಿದರೂ ಈ ಪ್ರಶ್ನೆ ಎದುರಾಗುತ್ತದೆ. ‘ಪೃಥಕ್ಕರಣ’ ಎಂಬ ಪಾರಿಭಾಷಿಕ ಪದ ಹಿರಿಯರ ಬಾಯಿಗೆ ಹೊರಳುವುದಿಲ್ಲ. ‘ಸ್ಪಷ್ಟತೆ’ ಎಂದರೆ ಅಳತೆಯ ಅರ್ಥವೇ ಇಲ್ಲ. ‘ಇಂಚಿಗೆ ಎಷ್ಟು ಚುಕ್ಕಿ’ ಎಂದು ಬಿಡಿಸಿ ಬರೆದು, ಹೆಸರು ಬೇಕಾದ ಕಡೆ ‘ಚುಕ್ಕಿಯೆಣಿಕೆ’ ಎಂದಿದ್ದೇನೆ. ರಂಗೋಲಿಯನ್ನು ಚುಕ್ಕಿಯ ಎಣಿಕೆಯಿಂದಲೇ ಹೇಳುವ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ.

ಈ ಎಣಿಕೆ ಕನ್ನಡಕ್ಕೆ ಎಷ್ಟು ಮುಖ್ಯ ಎಂಬುದನ್ನು ಕೈಪಿಡಿಯಲ್ಲಿ ಒತ್ತಿ ಹೇಳಬೇಕೆಂದಿದ್ದೇನೆ. ಎ4 ಪುಟವನ್ನು ಇಂಚಿಗೆ 72 ಚುಕ್ಕಿಯಲ್ಲಿ ತೆಗೆದರೆ ಸಿಗುವ ಚಿತ್ರ 595 × 842 ಚುಕ್ಕಿಗಳದ್ದು. 300ರಲ್ಲಿ ತೆಗೆದರೆ 2480 × 3508. ಅಕ್ಷರದ ಗಾತ್ರವನ್ನು ಅಳೆಯುವ ಒಂದು ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ. ಹೀಗಾಗಿ 12 ಪಾಯಿಂಟಿನ ಅಕ್ಷರದ ಎತ್ತರಕ್ಕೆ ಮೊದಲನೆಯದರಲ್ಲಿ ದಕ್ಕುವುದು 12 ಚುಕ್ಕಿ, ಎರಡನೆಯದರಲ್ಲಿ 50. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನೋಡಿ. ಮೇಲೆ ಸಕಾರ, ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ತಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಇಷ್ಟನ್ನೂ ಹನ್ನೆರಡು ಚುಕ್ಕಿಯೊಳಗೆ ತುರುಕಿದರೆ ಒತ್ತುಗಳು ಕಲೆಯಾಗಿಬಿಡುತ್ತವೆ. ಮಹಾಪ್ರಾಣದ ಪಾಡೂ ಅಷ್ಟೇ. ದಕಾರಕ್ಕೂ ಧಕಾರಕ್ಕೂ ನಡುವೆ ಇರುವುದು ಒಂದು ಸಣ್ಣ ಸೀಳು. ಅದು ಮಸುಕಾದರೆ ‘ಧನ’ ಹೋಗಿ ‘ದನ’ ಉಳಿಯುತ್ತದೆ.

ಜೆಪಿಜಿ ಈ ತೊಂದರೆಯನ್ನು ಹೆಚ್ಚಿಸುತ್ತದೆ. ಅದು ಛಾಯಾಚಿತ್ರಗಳಿಗಾಗಿ ರೂಪುಗೊಂಡ ವಿಧಾನ. ಚಿತ್ರವನ್ನು 8 × 8 ಚುಕ್ಕಿಗಳ ಚೌಕಗಳಾಗಿ ವಿಂಗಡಿಸಿ, ಜಾಗ ಉಳಿಸಲು ಕೆಲವು ವಿವರಗಳನ್ನು ಕೈಬಿಡುತ್ತದೆ. ಬಿಳಿ ಪುಟದ ಮೇಲಿನ ಕಪ್ಪು ಅಕ್ಷರದ ಅಂಚಿನಲ್ಲಿ ಅದರ ಪರಿಣಾಮ ಬೂದು ಧೂಳಿನಂತೆ ಕಾಣುತ್ತದೆ. ಪಿಎನ್‌ಜಿ ಏನನ್ನೂ ಕೈಬಿಡದೆ ಚಿತ್ರ ಹಿಡಿಯುವ ಜಾಗವನ್ನು ಕುಗ್ಗಿಸುತ್ತದೆ. ಬರಹದ ಪುಟಕ್ಕೆ ಪಿಎನ್‌ಜಿ, ಜೆಪಿಜಿಯನ್ನೇ ಕೇಳಿದರೆ ಮಾತ್ರ ಜೆಪಿಜಿ ಎಂದು ಬರೆದಿದ್ದೇನೆ. ಕ್ರಯಪತ್ರ, ಬ್ಯಾಂಕ್ ಪಾಸ್‌ಬುಕ್ಕಿನಂಥವನ್ನು ಸಿಕ್ಕ ಜಾಲತಾಣಕ್ಕೆ ಏರಿಸದೆ ಮನೆಯ ಕಂಪ್ಯೂಟರಿನಲ್ಲೇ ಈ ಕೆಲಸ ಮುಗಿಸಿ ಎಂಬ ಎಚ್ಚರಿಕೆಯನ್ನೂ ಸೇರಿಸಿದ್ದೇನೆ.

‘ಚಿತ್ರಪ್ರತಿ’ ಎಂಬ ಹೆಸರಿನಿಂದ ಇನ್ನೊಂದು ಉಪಕಾರವಿದೆ. ಇದು ಚಿತ್ರ, ಇದರಲ್ಲಿ ಅಕ್ಷರಗಳು ಅಕ್ಷರಗಳಾಗಿ ಇಲ್ಲ ಎಂಬುದು ಹೆಸರಿನಲ್ಲೇ ತಿಳಿಯುತ್ತದೆ. ಚಿತ್ರದೊಳಗಿನ ಪದವನ್ನು ಹಾಗೆಯೇ ಹುಡುಕಲಾಗದು, ತಿದ್ದಲಾಗದು. ದೃಷ್ಟಿದೋಷವುಳ್ಳವರಿಗೆ ಪರದೆಯ ಪಠ್ಯವನ್ನು ಓದಿಹೇಳುವ ತಂತ್ರಾಂಶಕ್ಕೂ ಅದು ಬರಹವಲ್ಲ. ಟೆಸರ್ಯಾಕ್ಟ್‌ನಂಥ ಅಕ್ಷರ ಗುರುತಿಸುವ ತಂತ್ರಾಂಶಗಳು ಕನ್ನಡವನ್ನೂ ಓದುತ್ತವೆ, ಆದರೆ ಮಸುಕಾದ ಒತ್ತಕ್ಷರಗಳ ಮುಂದೆ ಅವೂ ಎಡವುತ್ತವೆ. ಆದ್ದರಿಂದ ಚಿತ್ರಪ್ರತಿ ಕಳುಹಿಸುವವರು ಮೂಲ ಕಡತವನ್ನು ಜೋಪಾನವಾಗಿ ಇಟ್ಟುಕೊಳ್ಳಲೇಬೇಕು.

ತಿಳಿದವರು ಮೂರು ವಿಷಯಗಳಿಗೆ ಉತ್ತರಿಸಬೇಕೆಂದು ಕೋರುತ್ತೇನೆ. ‘ಚಿತ್ರಪ್ರತಿ’ ಬೇರೆ ಅರ್ಥದಲ್ಲಿ, ಮುಖ್ಯವಾಗಿ ಚಲನಚಿತ್ರದವರಲ್ಲಿ ಅಥವಾ ಹಸ್ತಪ್ರತಿ ಶಾಸ್ತ್ರದಲ್ಲಿ, ಈಗಾಗಲೇ ಬಳಕೆಯಲ್ಲಿದೆಯೇ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಅಂಗಡಿಗಳಲ್ಲಿ ಪ್ರತಿಯನ್ನು ‘ತೆಗೆಯುತ್ತಾರೆಯೇ’, ‘ಹೊಡೆಯುತ್ತಾರೆಯೇ’, ‘ಮಾಡಿಸುತ್ತಾರೆಯೇ’? ಚಿತ್ರದಿಂದ ಮತ್ತೆ ಅಕ್ಷರಗಳನ್ನು ಪಡೆಯುವ ಕೆಲಸಕ್ಕೆ ‘ಅಕ್ಷರ ಎತ್ತುವುದು’ ಎಂದರೆ ಸರಿಹೋಗುತ್ತದೆಯೇ?