ಟೆಸ್ಟ್‌ನಲ್ಲಿ 14.8 ಹರ್ಟ್ಜ್, ಮಾಡೆಲ್‌ನಲ್ಲಿ 16.3. ಎಲ್ಲಿ ತಪ್ಪಿದೆ?

ಅಗ್ರಹಾರದ ಹುಡುಗ:
ಸರ್, ಮೈಸೂರಿನ ಹೆಬ್ಬಾಳದಲ್ಲಿ ಪರಿಚಯದವರ ಶೆಡ್‌ನಲ್ಲಿ ಟೆಸ್ಟ್ ಮಾಡ್ತಿದ್ದೇನೆ. ಮೈಲ್ಡ್ ಸ್ಟೀಲ್ ಪಟ್ಟಿ, 25 ಮಿ.ಮೀ. ಅಗಲ, 5 ಮಿ.ಮೀ. ದಪ್ಪ. ಒಂದು ತುದಿ ಬೆಂಚ್ ವೈಸ್‌ನಲ್ಲಿದೆ, 500 ಮಿ.ಮೀ. ಹೊರಗೆ ಚಾಚಿದೆ. ತುದಿಗೆ ಆಕ್ಸೆಲೆರೋಮೀಟರ್ (ಅಲುಗಾಟ ಅಳೆಯುವ ಸೆನ್ಸರ್) ಅಂಟಿಸಿ ಸುತ್ತಿಗೆಯಿಂದ ತಟ್ಟಿದರೆ ಮೊದಲೆರಡು ಮೋಡ್ (ಪಟ್ಟಿ ತಾನಾಗಿ ಅಲುಗಾಡುವ ರೀತಿಗಳು) 14.8, 94 ಹರ್ಟ್ಜ್. ಎಫ್‌ಇ ಮಾಡೆಲ್‌ನಲ್ಲಿ (ಪಟ್ಟಿಯನ್ನು ಚಿಕ್ಕ ಚಿಕ್ಕ ತುಂಡಾಗಿಸಿ ಕಂಪ್ಯೂಟರ್ ಮಾಡುವ ಲೆಕ್ಕ) 16.3, 102.2. ಸ್ಟೀಲಿನ ಇ (ಯಂಗ್ಸ್ ಮಾಡ್ಯುಲಸ್, ಅಂದರೆ ಸ್ಟೀಲ್ ಎಷ್ಟು ಬಿಗಿ ಅನ್ನೋ ಅಳತೆ) ಬೆಲೆಯನ್ನು 200ರಿಂದ 165 ಗಿಗಾಪ್ಯಾಸ್ಕಲ್‌ಗೆ ಇಳಿಸಿದೆ, ಎರಡೂ ಹೆಚ್ಚುಕಡಿಮೆ ಕೂತವು. ಇಷ್ಟಕ್ಕೇ ಬಿಡಬಹುದಾ? ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಮಂಡ್ಯ ಟ್ರಾಲಿ ಶೆಡ್:
ಬಿಡಬೇಡ ತಮ್ಮಾ. 165ರ ಸ್ಟೀಲ್ ಯಾವ ಅಂಗಡಿಯಲ್ಲೂ ಸಿಗಲ್ಲ. 200-210ರ ಆಸುಪಾಸಿನಲ್ಲೇ ಇರುತ್ತೆ. ಸೆನ್ಸರ್ ತೂಕ ಎಷ್ಟು?

ಅಗ್ರಹಾರದ ಹುಡುಗ:
20 ಗ್ರಾಂ. ಪಟ್ಟಿಯೇ ಅರ್ಧ ಕೆ.ಜಿ. ಇದೆ, 20 ಗ್ರಾಂ ಏನು ಮಹಾ ಅಂತ ಮಾಡೆಲ್‌ನಲ್ಲಿ ಹಾಕಿರಲಿಲ್ಲ.

ಮಂಡ್ಯ ಟ್ರಾಲಿ ಶೆಡ್:
ಅಲ್ಲೇ ಎಡವಿದ್ದು. ಪಟ್ಟಿ ಅಲುಗಾಡುವಾಗ ತುದಿಯಲ್ಲಿ ಲೆಕ್ಕಕ್ಕೆ ಬರುವುದು ಅದರ ತೂಕದ ಸುಮಾರು ಕಾಲು ಭಾಗ, 120 ಗ್ರಾಂ. ಅದರ ಮೇಲೆ 20 ಗ್ರಾಂ ಕೂತರೆ ಫ್ರೀಕ್ವೆನ್ಸಿ ಏಳೆಂಟು ಪರ್ಸೆಂಟ್ ಇಳಿಯುತ್ತೆ. ಇನ್ನೊಂದು ಕಿತಾಪತಿ ನೋಡು: ತುದಿಯ ತೂಕವೂ ಎರಡು ಮೋಡ್‌ಗಳನ್ನು ಹತ್ತಿರ ಹತ್ತಿರ ಒಂದೇ ಪ್ರಮಾಣದಲ್ಲಿ ಇಳಿಸುತ್ತೆ, ಇ ಕಡಿಮೆ ಮಾಡಿದರೂ ಹಾಗೇ. ಅದಕ್ಕೇ ನಿನ್ನ 165 ಸರಿ ಅನ್ನಿಸಿದ್ದು. ಈ ಎರಡು ನಂಬರ್ ಇಟ್ಟುಕೊಂಡು ಕಳ್ಳ ಯಾರು ಅಂತ ಹೇಳೋಕಾಗಲ್ಲ.

ಸೆನ್ಸರ್ ಕಿತ್ತು ಪಟ್ಟಿಯ ನಡುವೆ ಅಂಟಿಸು. ಮೊದಲ ಮೋಡ್‌ನಲ್ಲಿ ನಡುಭಾಗ ತುದಿಯ ಮೂರನೇ ಒಂದರಷ್ಟೇ ಆಡುತ್ತೆ. ತೂಕದ ಪರಿಣಾಮ ಅದರ ವರ್ಗದಷ್ಟು, ಅಂದರೆ ಒಂಬತ್ತರಲ್ಲೊಂದು ಪಾಲು. ತಪ್ಪು ತೂಕದ್ದಾದರೆ 16ರ ಹತ್ತಿರ ಏರಬೇಕು. ಇ ಬೆಲೆಯದ್ದಾದರೆ 14.8 ಅಲ್ಲಾಡಬಾರದು.

ಅಗ್ರಹಾರದ ಹುಡುಗ:
15.8 ಬಂತು! ಮಾಡೆಲ್‌ನಲ್ಲೂ ನಡುವೆ 20 ಗ್ರಾಂ ಹಾಕಿದೆ, ಇ 200ಕ್ಕೇ ವಾಪಸ್. 16.1. ಇನ್ನೂ 2 ಪರ್ಸೆಂಟ್ ಉಳೀತಲ್ವಾ?

ಮಂಡ್ಯ ಟ್ರಾಲಿ ಶೆಡ್:
ಅದು ವೈಸ್ ಇರಬೇಕು. ಹಳೇ ವೈಸ್ ಬಾಯಿಯ ಅಂಚು ಸವೆದಿರುತ್ತೆ, ಪಟ್ಟಿ ಸ್ವಲ್ಪ ಒಳಗಿನಿಂದಲೇ ಬಾಗುತ್ತೆ. ಉದ್ದ 1 ಪರ್ಸೆಂಟ್ ಜಾಸ್ತಿಯಾದರೆ ಫ್ರೀಕ್ವೆನ್ಸಿ 2 ಪರ್ಸೆಂಟ್ ಇಳಿಯುತ್ತೆ. ಅಂದರೆ 5 ಮಿ.ಮೀ. ಸಾಕು. ಅಂಚಿನಲ್ಲಿ ಕಾಗದ ತೂರಿಸಿ ನೋಡು.

ಅಗ್ರಹಾರದ ಹುಡುಗ:
ಜೇಬಿನಲ್ಲಿದ್ದ ಬಸ್ ಟಿಕೆಟ್ ತೂರಿಸಿದೆ ಸರ್. 5 ಮಿ.ಮೀ. ಆರಾಮಾಗಿ ಒಳಗೆ ಹೋಯ್ತು! ಮಾಡೆಲ್‌ನಲ್ಲಿ ಉದ್ದ 505, ತುದಿಗೆ 20 ಗ್ರಾಂ, ಇ 200. ಈಗ 14.8, 94.